ಒತ್ತಿದ ಬಟನ್ ಗಾಢವಾಗಿಯೇ ಉಳಿದುಬಿಟ್ಟರೆ

ಪ್ರಶ್ನೆ: ಮಂಡ್ಯದ ಬೆಲ್ಲದ ಮಂಡಿಗಳಿಗೆ ಲೆಕ್ಕ ಬರೆಯುವ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಕೋಟ್ಲಿನ್, ಹಳೇ ವ್ಯೂ ಪದ್ಧತಿ, ಕನಿಷ್ಠ ಆಂಡ್ರಾಯ್ಡ್ 5. ಒಂದೊಂದು ಮಂಡಿಗೂ ಅವರದ್ದೇ ಬಣ್ಣ ಬೇಕು. ಬಣ್ಣ ಸರ್ವರ್‌ನಿಂದ ಬರುತ್ತದೆ, ಹಾಗಾಗಿ ಎಕ್ಸ್‌ಎಂಎಲ್‌ನಲ್ಲಿ ಮೊದಲೇ ಬರೆದಿಡಲು ಆಗುವುದಿಲ್ಲ. ಟಚ್ ಲಿಸನರ್ (ಸ್ಪರ್ಶವಾದಾಗ ಓಡುವ ಕೋಡ್) ಹಾಕಿ, ಬೆರಳು ಇಟ್ಟಾಗ ಬಣ್ಣ ಗಾಢ ಮಾಡಿ, ಎತ್ತಿದಾಗ ವಾಪಸ್ ತರುತ್ತಿದ್ದೇನೆ. ಪಟ್ಟಿಯನ್ನು ಸ್ಕ್ರಾಲ್ ಮಾಡಿದರೆ ಕೆಲವು ಬಟನ್ ಗಾಢವಾಗಿಯೇ ನಿಂತುಬಿಡುತ್ತವೆ. ರಿಪಲ್ (ಒತ್ತಿದಲ್ಲಿ ಹರಡುವ ಅಲೆ) ಹಾಕಿದರೆ ದುಂಡು ಮೂಲೆ ದಾಟಿ ಚೌಕವಾಗಿ ಚೆಲ್ಲುತ್ತದೆ. ಕೆಲವು ಬಣ್ಣಗಳ ಮೇಲೆ ಕಾಣುವುದೇ ಇಲ್ಲ. ಎಲ್ಲವನ್ನೂ ಕೋಡ್‌ನಲ್ಲೇ ಸರಿಯಾಗಿ ಮಾಡುವುದು ಹೇಗೆ?

ಉತ್ತರ: ಮೊದಲು ಆ ಟಚ್ ಲಿಸನರ್ ಅಳಿಸಿಹಾಕಿ. ನಿಮ್ಮ ತೊಂದರೆಗಳಲ್ಲಿ ಅರ್ಧ ಅಲ್ಲಿಗೇ ಮುಗಿಯುತ್ತದೆ.

ಬಟನ್ ಯಾಕೆ ಗಾಢವಾಗಿ ನಿಲ್ಲುತ್ತದೆ ಅಂತ ನೋಡೋಣ. ಬೆರಳು ಇಟ್ಟ ಕೂಡಲೇ ಬಟನ್‌ಗೆ ಆ್ಯಕ್ಷನ್ ಡೌನ್ ಬರುತ್ತದೆ. ನೀವು ಬಣ್ಣ ಬದಲಿಸುತ್ತೀರಿ. ಬೆರಳು ಸ್ವಲ್ಪ ಜಾರಿದರೆ ಪಟ್ಟಿ, ಅಂದರೆ ರೀಸೈಕ್ಲರ್ ವ್ಯೂ, 'ಇದು ಒತ್ತಿದ್ದಲ್ಲ, ಸ್ಕ್ರಾಲ್' ಅಂತ ತೀರ್ಮಾನಿಸಿ ಆ ಸ್ಪರ್ಶವನ್ನು ತಾನೇ ವಹಿಸಿಕೊಳ್ಳುತ್ತದೆ. ಆಮೇಲೆ ಬಟನ್‌ಗೆ ಆ್ಯಕ್ಷನ್ ಅಪ್ ಬರುವುದೇ ಇಲ್ಲ. ಆ್ಯಕ್ಷನ್ ಕ್ಯಾನ್ಸಲ್ ಬರುತ್ತದೆ. ನೀವು ಕಾಯುತ್ತಿರುವುದು ಅಪ್‌ಗೆ, ಬಂದದ್ದು ಕ್ಯಾನ್ಸಲ್. ಬಣ್ಣ ವಾಪಸ್ ಬರುವುದು ಎಲ್ಲಿಂದ? ಇನ್ನೊಂದು ತಮಾಷೆ ಏನೆಂದರೆ, ಸಾಲುಗಳು ಮರುಬಳಕೆ ಆಗುವಾಗ ಆ ಗಾಢ ಬಟನ್ ತನ್ನ ಬಣ್ಣ ಹೊತ್ತುಕೊಂಡೇ ಕೆಳಗೆ ಬೇರೆ ರೈತನ ಹೆಸರಿನ ಪಕ್ಕ ಹೋಗಿ ಕೂರುತ್ತದೆ. ನೋಡಿದವರಿಗೆ ಅದು ಏನೋ ಗುರುತು ಹಾಕಿದ ಹಾಗೆ ಕಾಣುತ್ತದೆ. ಲೆಕ್ಕದ ಆ್ಯಪ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ.

ಕ್ಯಾನ್ಸಲ್ ಅನ್ನೂ ಹಿಡಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಆಗಲಿ, ಹಿಡಿಯಿರಿ. ಆದರೆ ಮುಂದಿನ ಹಳ್ಳ ಕಾದಿರುತ್ತದೆ. ಲಿಸನರ್‌ನಿಂದ ಟ್ರೂ ವಾಪಸ್ ಕೊಟ್ಟರೆ ಬಟನ್‌ನ ಸ್ವಂತ ಟಚ್ ಕೋಡ್ ಓಡುವುದಿಲ್ಲ, ಕ್ಲಿಕ್ ಕೂಡ ಆಗುವುದಿಲ್ಲ. ಆಮೇಲೆ ಕ್ಲಿಕ್ಕನ್ನೂ ನೀವೇ ಕರೆಯಬೇಕು. ಟಾಕ್‌ಬ್ಯಾಕ್ (ಪರದೆಯನ್ನು ಓದಿ ಹೇಳುವ ಸೌಲಭ್ಯ) ಬಳಸುವವರು ಎರಡು ಸಲ ತಟ್ಟಿದಾಗ, ಬ್ಲೂಟೂತ್ ಕೀಬೋರ್ಡ್‌ನಲ್ಲಿ ಎಂಟರ್ ಒತ್ತಿದಾಗ, ಈ ಟಚ್ ಲಿಸನರ್‌ಗೆ ಸುದ್ದಿಯೇ ಹೋಗದಿರಬಹುದು. ಬೆರಳು ಬಟನ್ ಮೇಲಿಂದ ಹೊರಗೆ ಜಾರಿದರೆ ಏನು ಮಾಡಬೇಕು, ಎರಡನೇ ಬೆರಳು ಬಂದರೆ ಏನು ಮಾಡಬೇಕು ಅನ್ನುವುದೆಲ್ಲ ನಿಮ್ಮ ತಲೆಗೇ ಬರುತ್ತದೆ. ಈ ಎಲ್ಲ ಲೆಕ್ಕವನ್ನೂ ಆಂಡ್ರಾಯ್ಡ್‌ನ ವ್ಯೂ ಕ್ಲಾಸ್ ಆಗಲೇ ಮಾಡಿಟ್ಟಿದೆ. ಸ್ಕ್ರಾಲ್ ಆಗುವ ಪಟ್ಟಿಯೊಳಗೆ ಬಟನ್ ಇದ್ದರೆ ಅದು ತಕ್ಷಣ ಒತ್ತಿದ ಸ್ಥಿತಿಗೆ ಹೋಗುವುದಿಲ್ಲ. ಸುಮಾರು 100 ಮಿಲಿಸೆಕೆಂಡ್ ಕಾದು, ಇದು ಸ್ಕ್ರಾಲ್ ಅಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಹೋಗುತ್ತದೆ. ಅದಕ್ಕೂ ಬೇಗ ತಟ್ಟಿ ಬಿಟ್ಟರೂ ಕಣ್ಣಿಗೆ ಕಾಣಲಿ ಅಂತ 64 ಮಿಲಿಸೆಕೆಂಡ್ ಆ ಸ್ಥಿತಿಯನ್ನು ಹಿಡಿದಿಡುತ್ತದೆ. ಇಷ್ಟು ನಾಜೂಕು ನಾವು ಕೈಯಾರೆ ಬರೆಯುವ ಕೋಡ್‌ನಲ್ಲಿ ಇರುತ್ತದಾ? ನನ್ನದರಲ್ಲಂತೂ ಇರಲಿಲ್ಲ.

ಆದ್ದರಿಂದ ಬೆರಳು ಬಂತು, ಹೋಯಿತು ಅನ್ನುವ ಘಟನೆಗಳನ್ನು ಹಿಂಬಾಲಿಸಬೇಡಿ. 'ಒತ್ತಿದಾಗ ಹೀಗೆ ಕಾಣು, ನಿಷ್ಕ್ರಿಯ ಇದ್ದಾಗ ಹೀಗೆ, ಉಳಿದಾಗ ಹೀಗೆ' ಅಂತ ಸ್ಥಿತಿಗಳನ್ನು ಮಾತ್ರ ಹೇಳಿ. ಯಾವಾಗ ಯಾವ ಸ್ಥಿತಿ ಅನ್ನುವುದನ್ನು ಸಿಸ್ಟಮ್ ನೋಡಿಕೊಳ್ಳುತ್ತದೆ. ಎಕ್ಸ್‌ಎಂಎಲ್‌ನ ಸೆಲೆಕ್ಟರ್ ಮಾಡುವುದೂ ಇದನ್ನೇ. ಅದನ್ನು ಕೋಡ್‌ನಲ್ಲಿ ಕಟ್ಟಲು ಎರಡು ದಾರಿ ಇವೆ.

ಹಳೆಯದು ಸ್ಟೇಟ್ ಲಿಸ್ಟ್ ಡ್ರಾಯಬಲ್. ಡ್ರಾಯಬಲ್ ಅಂದರೆ ತೆರೆಯ ಮೇಲೆ ಬಿಡಿಸಬಹುದಾದ ಆಕಾರ ಅಥವಾ ಚಿತ್ರ. ಒಂದು ಖಾಲಿ ಪಟ್ಟಿ ಮಾಡಿ, ಆ್ಯಡ್ ಸ್ಟೇಟ್ ಕರೆದು ಒಂದೊಂದು ಸ್ಥಿತಿಗೆ ಒಂದೊಂದು ಆಕಾರ ಕೊಡುತ್ತಾ ಹೋಗುವುದು. ಇಲ್ಲಿ ಎಲ್ಲರೂ ಒಂದು ಸಲವಾದರೂ ಎಡವುವುದು ಕ್ರಮದಲ್ಲಿ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬೋರ್ಡ್ ಕಂಡ ಮೊದಲ ಬಸ್ಸನ್ನೇ ಹತ್ತುವವರಿದ್ದಾರಲ್ಲ, ಹಿಂದೆ ತಡೆರಹಿತ ಬಸ್ ನಿಂತಿದ್ದರೂ ನೋಡುವುದಿಲ್ಲ, ಈ ಪಟ್ಟಿಯೂ ಹಾಗೇ. ಮೇಲಿಂದ ಓದುತ್ತಾ ಮೊದಲು ಹೊಂದಿದ್ದನ್ನು ಹಿಡಿಯುತ್ತದೆ. ಯಾವ ಷರತ್ತೂ ಇಲ್ಲದ ಮಾಮೂಲಿ ಸ್ಥಿತಿಯನ್ನು ಮೊದಲು ಸೇರಿಸಿದರೆ ಅದು ಎಲ್ಲದಕ್ಕೂ ಹೊಂದುತ್ತದೆ. ಒತ್ತಿದ ಸ್ಥಿತಿಯ ಸರದಿ ಬರುವುದೇ ಇಲ್ಲ. ಮೊದಲು ನಿಷ್ಕ್ರಿಯ, ಆಮೇಲೆ ಒತ್ತಿದ್ದು, ಕೊನೆಯಲ್ಲಿ ಮಾಮೂಲಿಗೆ ಖಾಲಿ ಅರೇ. ನಿಷ್ಕ್ರಿಯ ಅನ್ನಲು ಸ್ಟೇಟ್ ಎನೇಬಲ್ಡ್ ಮುಂದೆ ಮೈನಸ್ ಹಾಕಬೇಕು.

ಎರಡನೆಯದು ರಿಪಲ್ ಡ್ರಾಯಬಲ್. 2014ರಲ್ಲಿ ಆಂಡ್ರಾಯ್ಡ್ 5ರ ಜೊತೆ ಬಂತು. ನಿಮ್ಮ ಕನಿಷ್ಠ ಆವೃತ್ತಿ ಅದೇ ಆದ್ದರಿಂದ ಧೈರ್ಯವಾಗಿ ಬಳಸಿ. ಇದಕ್ಕೆ ಮೂರು ವಸ್ತು ಕೊಡಬೇಕು: ಅಲೆಯ ಬಣ್ಣ, ಕಂಟೆಂಟ್, ಮಾಸ್ಕ್. ಅಲೆಯ ಬಣ್ಣ ಕಲರ್ ಸ್ಟೇಟ್ ಲಿಸ್ಟ್ ಆಗಿರಬೇಕು. ಒಂದೇ ಬಣ್ಣ ಇದ್ದರೆ ವ್ಯಾಲ್ಯೂ ಆಫ್ ಅಂತ ಕರೆದರೆ ಸಾಕು. ಕಂಟೆಂಟ್ ಅಂದರೆ ಬಟನ್‌ನ ನಿಜವಾದ ಹಿನ್ನೆಲೆ. ಅದಕ್ಕೆ ಗ್ರೇಡಿಯಂಟ್ ಡ್ರಾಯಬಲ್ ತೆಗೆದುಕೊಂಡು ಕಾರ್ನರ್ ರೇಡಿಯಸ್ ಕೊಡಿ, ಸೆಟ್ ಕಲರ್‌ಗೆ ಮಂಡಿಯ ಬಣ್ಣ ಕೊಡಿ. ಈ ಸೆಟ್ ಕಲರ್ ಕೂಡ ಕಲರ್ ಸ್ಟೇಟ್ ಲಿಸ್ಟ್ ಒಪ್ಪುತ್ತದೆ, ಆದ್ದರಿಂದ ನಿಷ್ಕ್ರಿಯ ಬಣ್ಣವೂ ಇಲ್ಲೇ ಮುಗಿಯುತ್ತದೆ. ರೇಡಿಯಸ್ ಪಿಕ್ಸೆಲ್‌ನಲ್ಲಿ ಇರುತ್ತದೆ, ಡಿಪಿಯಲ್ಲಿ (ಪರದೆಯ ಡೆನ್ಸಿಟಿಗೆ ಹೊಂದಿಕೊಳ್ಳುವ ಅಳತೆಯಲ್ಲಿ) ಅಲ್ಲ. ಸುಮ್ನೆ 8 ಅಂತ ಬರೆದರೆ ಡೆನ್ಸಿಟಿ 3 ಇರುವ ಫೋನ್‌ನಲ್ಲಿ ಅದು ಮೂರು ಡಿಪಿಯೂ ಆಗುವುದಿಲ್ಲ, ಮೂಲೆ ಚೂಪಾಗಿಯೇ ಕಾಣುತ್ತದೆ. ಡೆನ್ಸಿಟಿಯಿಂದ ಗುಣಿಸಿ ಕೊಡಿ.

ಈಗ ನಿಮ್ಮ ಚೆಲ್ಲುವ ರಿಪಲ್. ನೀವು ಮಾಸ್ಕ್ ಜಾಗಕ್ಕೆ ಬಿಳಿ ಕಲರ್ ಡ್ರಾಯಬಲ್ ಹಾಕಿದ್ದೀರಿ ಅಂತ ನನ್ನ ಅಂದಾಜು. ಎಷ್ಟೋ ಮಾದರಿ ಕೋಡ್‌ಗಳಲ್ಲಿ ಹಾಗೇ ಇರುತ್ತದೆ. ಮಾಸ್ಕ್ ಅನ್ನುವುದು ತೆರೆಯ ಮೇಲೆ ಬರುವುದಿಲ್ಲ. ಅಲೆ ಎಲ್ಲಿಯವರೆಗೆ ಹರಿಯಬಹುದು ಅನ್ನುವ ಬದು ಅದು. ಗದ್ದೆಗೆ ನೀರು ಬಿಟ್ಟಾಗ ಬದು ಇದ್ದಲ್ಲಿಗೆ ನಿಲ್ಲುತ್ತದಲ್ಲ, ಹಾಗೆ. ಕಲರ್ ಡ್ರಾಯಬಲ್‌ಗೆ ಮೂಲೆ ಗೊತ್ತಿಲ್ಲ, ಅದು ಬರೀ ಚೌಕ. ಬದು ಚೌಕ ಇದ್ದರೆ ನೀರೂ ಚೌಕವೇ. ಮಾಸ್ಕ್‌ಗೂ ಅದೇ ರೇಡಿಯಸ್‌ನ ಇನ್ನೊಂದು ಗ್ರೇಡಿಯಂಟ್ ಡ್ರಾಯಬಲ್ ಕೊಡಿ. ಬಣ್ಣ ಯಾವುದಾದರೂ ಆಗಬಹುದು, ಆದರೆ ಪೂರ್ತಿ ಅಪಾರದರ್ಶಕ ಇರಲಿ. ಪಾರದರ್ಶಕ ಮಾಸ್ಕ್ ಅಂದರೆ ಅಲೆಗೆ ಜಾಗವೇ ಇಲ್ಲ ಅಂತ ಅರ್ಥ.

ಮಾಸ್ಕ್ ಕೊಡದೇ ನಲ್ ಬಿಟ್ಟರೆ ಏನಾಗುತ್ತದೆ? ಕಂಟೆಂಟ್‌ನ ಆಕಾರವೇ ಬದು ಆಗುತ್ತದೆ. ತುಂಬಿದ ಬಣ್ಣದ ಬಟನ್‌ಗೆ ಅದು ಸಾಕು. ಆದರೆ ಒಳಗೆ ಪಾರದರ್ಶಕ, ಸುತ್ತ ಗೆರೆ ಮಾತ್ರ ಇರುವ ಔಟ್‌ಲೈನ್ ಬಟನ್ ಮಾಡಿದರೆ ಅಲೆ ಆ ಗೆರೆಯ ಮೇಲಷ್ಟೇ ಓಡುತ್ತದೆ, ಒಳಗೆ ಏನೂ ಕಾಣುವುದಿಲ್ಲ. ಕಾಣುವುದೇ ಇಲ್ಲ ಅಂದಿರಲ್ಲ, ಅದರಲ್ಲಿ ಒಂದು ಪಾಲು ಇದೇ ಇರಬಹುದು. ಔಟ್‌ಲೈನ್ ಬಟನ್‌ಗೆ ಮಾಸ್ಕ್ ಕಡ್ಡಾಯ. ಕಂಟೆಂಟ್, ಮಾಸ್ಕ್ ಎರಡನ್ನೂ ನಲ್ ಮಾಡಿದರೆ ಅಲೆಗೆ ಬದುವೇ ಇರುವುದಿಲ್ಲ, ಬಟನ್ ದಾಟಿ ಹೊರಗೆ ಹರಡುತ್ತದೆ. ಪುಟ್ಟ ಐಕಾನ್‌ಗಳಿಗೆ ಅದು ಬೇಕಾಗುತ್ತದೆ, ನಿಮಗೆ ಬೇಡ.

ಇನ್ನು ಬಣ್ಣದ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಾನು ಸರಿಯಾಗಿ ಪೆಟ್ಟು ತಿಂದದ್ದು ಇಲ್ಲೇ.

ಕೆಲವು ವರ್ಷದ ಹಿಂದೆ ಪಾಂಡವಪುರದ ಕಡೆಯ ಒಂದು ಆಲೆಮನೆಗೆ ತೂಕ ಬರೆಯುವ ಪುಟ್ಟ ಆ್ಯಪ್ ಮಾಡಿಕೊಟ್ಟಿದ್ದೆ. ಮೈಸೂರಿನ ನನ್ನ ಕೋಣೆಯಲ್ಲಿ, ಟ್ಯೂಬ್‌ಲೈಟ್ ಕೆಳಗೆ, ಅದರ ಬಟನ್‌ಗಳು ಬಹಳ ಚೆನ್ನಾಗಿದ್ದವು. ಕಂದು ಬಣ್ಣದ ಮೇಲೆ ತೆಳುವಾದ ಕಪ್ಪು ಅಲೆ. ಅಲ್ಲಿ ಹೋಗಿ ನೋಡಿದರೆ ಮಟಮಟ ಮಧ್ಯಾಹ್ನದ ಬಿಸಿಲು, ಕೊಪ್ಪರಿಗೆಯ ಹಬೆ, ಫೋನ್ ಗಾಜಿನ ಮೇಲೆ ಬೆಲ್ಲದ ಜಿಗುಟು. ತೂಕ ಬರೆಯುವಾತ 'ಉಳಿಸು' ಒತ್ತಿದರು. ಏನೂ ಆದ ಹಾಗೆ ಕಾಣಲಿಲ್ಲ. ಇನ್ನೊಂದು ಸಲ ಒತ್ತಿದರು. ಮೂರನೇ ಸಲ ಸ್ವಲ್ಪ ಜೋರಾಗಿ. ಸಂಜೆ ಲೆಕ್ಕ ನೋಡಿದರೆ ಒಂದೇ ಗಾಡಿ ಕಬ್ಬು ಮೂರು ಸಲ ಅರೆದಿದೆ. ತಪ್ಪು ಅವರದ್ದಲ್ಲ, ನನ್ನದು.

ಅಂದು ಕಲಿತದ್ದು ಎರಡು. ಒಂದು, ಸ್ಪರ್ಶದ ಪರಿಣಾಮ ಅಂದರೆ ಬೆರಳಿಗೆ ಕೊಡುವ ಉತ್ತರ. 'ಕೇಳಿಸಿತು' ಅಂತ ಬಟನ್ ಹೇಳಬೇಕು, ಬಿಸಿಲಲ್ಲೂ ಹೇಳಬೇಕು. ಎರಡು, ಅದು ಬೀಗ ಅಲ್ಲ. ಎಷ್ಟೇ ಚೆನ್ನಾಗಿ ಕಂಡರೂ ಜನ ಎರಡು ಸಲ ಒತ್ತುತ್ತಾರೆ. ಕ್ಲಿಕ್ ಆದ ಕೂಡಲೇ ಬಟನ್ ನಿಷ್ಕ್ರಿಯ ಮಾಡಿ, ಉಳಿಸಿದ್ದು ಮುಗಿದ ಮೇಲೆ ವಾಪಸ್ ಸಕ್ರಿಯ ಮಾಡಿ. ಸ್ಥಿತಿಗಳನ್ನು ಸರಿಯಾಗಿ ಹೇಳಿದ್ದರೆ ನಿಷ್ಕ್ರಿಯ ಬಣ್ಣ ತಾನೇ ಬರುತ್ತದೆ.

ಅಲೆಯ ಬಣ್ಣವನ್ನು ಹೇಗೆ ಆರಿಸುವುದು? ಹೆಚ್ಚಿನವರು ಮಂಡಿಯ ಬಣ್ಣವನ್ನು ಎಚ್‌ಎಸ್‌ವಿಗೆ (ವರ್ಣ, ಗಾಢತೆ, ಹೊಳಪು ಅನ್ನುವ ಮೂರು ಅಳತೆಗೆ) ತಿರುಗಿಸಿ, ಹೊಳಪನ್ನು 0.85ರಿಂದ ಗುಣಿಸುತ್ತಾರೆ. ತಿಳಿ ಬಣ್ಣಕ್ಕೆ ಸರಿ. ಕಡು ಬಣ್ಣಕ್ಕೆ ವ್ಯತ್ಯಾಸವೇ ಕಾಣುವುದಿಲ್ಲ. ಕಪ್ಪಿನ ಹೊಳಪು ಸೊನ್ನೆ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ನನ್ನ ದಾರಿ ಬೇರೆ: ಮೊದಲು ಬಟನ್ ಮೇಲಿನ ಅಕ್ಷರದ ಬಣ್ಣ ನಿರ್ಧರಿಸಿ, ಅದೇ ಬಣ್ಣವನ್ನು ತೆಳುವಾಗಿ ಅಲೆಗೆ ಬಳಸಿ. ಕಡು ಹಿನ್ನೆಲೆಗೆ ಅಕ್ಷರ ಬಿಳಿ, ಅಲೆಯೂ ಬಿಳಿ. ಅರಿಶಿನ ಹಿನ್ನೆಲೆಗೆ ಅಕ್ಷರ ಕಪ್ಪು, ಅಲೆಯೂ ಕಪ್ಪು. ಅಕ್ಷರ ಓದಲು ಬಂದರೆ ಅಲೆಯೂ ಕಾಣುತ್ತದೆ.

ಅಕ್ಷರ ಬಿಳಿಯೋ ಕಪ್ಪೋ ಅನ್ನುವುದನ್ನು ಕಣ್ಣಳತೆಗೆ ಬಿಡಬೇಡಿ. ಆಂಡ್ರಾಯ್ಡ್‌ಎಕ್ಸ್‌ನ ಕಲರ್ ಯುಟಿಲ್ಸ್‌ನಲ್ಲಿ ಕ್ಯಾಲ್ಕುಲೇಟ್ ಲೂಮಿನನ್ಸ್ ಇದೆ. ಅದು ಸೊನ್ನೆಯಿಂದ ಒಂದರವರೆಗೆ ಬೆಳಕಿನ ಅಳತೆ ಕೊಡುತ್ತದೆ. ಇಲ್ಲಿ 0.5ಕ್ಕಿಂತ ಜಾಸ್ತಿ ಇದ್ದರೆ ಕಪ್ಪು, ಕಡಿಮೆ ಇದ್ದರೆ ಬಿಳಿ ಅಂತ ಬರೆಯುವುದು ಬಹಳ ಸಾಮಾನ್ಯ ತಪ್ಪು. ಕಾಂಟ್ರಾಸ್ಟ್ ಲೆಕ್ಕದ ಸೂತ್ರದಲ್ಲಿ ಕಪ್ಪಿಗೂ ಬಿಳಿಗೂ ಸಮ ಬೀಳುವ ಜಾಗ 0.5 ಅಲ್ಲ, ಸುಮಾರು 0.18. ಗೂಗಲ್‌ನ ಮೆಟೀರಿಯಲ್ ವಿನ್ಯಾಸದ ಬಣ್ಣಗಳಲ್ಲಿನ ಮಾಮೂಲಿ ಹಸಿರು, ಗ್ರೀನ್ 500, ಅದರ ಲೂಮಿನನ್ಸ್ ಸುಮಾರು 0.33. ಅರ್ಧಕ್ಕಿಂತ ಕಡಿಮೆ ಅಂತ ಬಿಳಿ ಅಕ್ಷರ ಹಾಕಿದರೆ ಕಾಂಟ್ರಾಸ್ಟ್ 2.8ರ ಹತ್ತಿರ ನಿಲ್ಲುತ್ತದೆ. ಅಕ್ಷರಕ್ಕೆ ಬೇಕಾದದ್ದು 4.5. ಅದೇ ಹಸಿರಿನ ಮೇಲೆ ಕಪ್ಪು ಅಕ್ಷರಕ್ಕೆ 7 ದಾಟುತ್ತದೆ. ಹಸಿರು ಮೇಲೆ ಕಪ್ಪಾ ಅಂತ ಡಿಸೈನರ್ ಮೂಗು ಮುರಿಯಬಹುದು. ಮುರಿಯಲಿ ಬಿಡಿ, ಬಿಸಿಲಲ್ಲಿ ಓದುವವರು ಅವರಲ್ಲ.

ಅಲೆ ಎಷ್ಟು ತೆಳು ಇರಬೇಕು? ಮೆಟೀರಿಯಲ್ 3ರ ಸಲಹೆ ಶೇ 10ರ ಆಸುಪಾಸು. ಆಫೀಸ್ ಆ್ಯಪ್‌ಗೆ ಅದು ಸರಿ. ಹೊಲ, ಯಾರ್ಡ್, ಆಲೆಮನೆಯಲ್ಲಿ ಬಳಸುವ ಆ್ಯಪ್‌ಗೆ ನಾನು ಶೇ 25ರಿಂದ 30 ಇಡುತ್ತೇನೆ. ಸೆಟ್ ಆಲ್ಫಾ ಕಾಂಪೊನೆಂಟ್‌ಗೆ 255ರ ಲೆಕ್ಕದಲ್ಲಿ 64ರಿಂದ 76 ಕೊಟ್ಟರೆ ಆಯಿತು. ಇನ್ನೊಂದು ಮಾತು. ಅಲೆಯ ರೂಪ ಎಲ್ಲ ಫೋನ್‌ನಲ್ಲೂ ಒಂದೇ ಇರುವುದಿಲ್ಲ. ಆಂಡ್ರಾಯ್ಡ್ 12ರಿಂದ ಅದರಲ್ಲಿ ಮಿನುಗುವ ಚುಕ್ಕಿಗಳು ಬಂದವು. ಎಲ್ಲ ಕಡೆ ಒಂದೇ ಥರ ಬೇಕೇ ಬೇಕು ಅಂದರೆ ರಿಪಲ್ ಬಿಟ್ಟು ಸ್ಟೇಟ್ ಲಿಸ್ಟ್ ಡ್ರಾಯಬಲ್‌ಗೆ ಬನ್ನಿ. ಒತ್ತಿದ ಬಣ್ಣವನ್ನು ಬ್ಲೆಂಡ್ ಎಆರ್‌ಜಿಬಿಯಿಂದ ಮಾಡಿ: ಮಂಡಿಯ ಬಣ್ಣ, ಅಕ್ಷರದ ಬಣ್ಣ, 0.25. ಎಂಟರ್ ಫೇಡ್, ಎಕ್ಸಿಟ್ ಫೇಡ್ ಅವಧಿಗಳನ್ನೂ ಕೊಡಬಹುದು. ಇವೆರಡೂ ಒತ್ತುವಾಗಲೂ ಬಿಡುವಾಗಲೂ ಅನ್ವಯಿಸುತ್ತವೆ, ಆದ್ದರಿಂದ ನಾನು ಸೊನ್ನೆಯೇ ಇಡುತ್ತೇನೆ. ಉತ್ತರ ತಕ್ಷಣ ಬರಬೇಕು.

ಇದನ್ನೆಲ್ಲ ಒಂದು ಫಂಕ್ಷನ್‌ನಲ್ಲಿ ಕಟ್ಟಿಡಿ. ಒಳಗೆ ಬರುವುದು ಮಂಡಿಯ ಬಣ್ಣ, ರೇಡಿಯಸ್, ಔಟ್‌ಲೈನ್ ಹೌದೋ ಅಲ್ಲವೋ. ಹೊರಗೆ ಹೋಗುವುದು ಒಂದು ಡ್ರಾಯಬಲ್. ಪ್ರತಿ ಕರೆಗೂ ಹೊಸ ಡ್ರಾಯಬಲ್ ಮಾಡಿ ಕೊಡಿ. ಒಂದನ್ನೇ ಮಾಡಿ ಹತ್ತು ಬಟನ್‌ಗೆ ಹಂಚುವ ಆಸೆ ಬರುತ್ತದೆ, ಬೇಡ. ಒಂದು ಡ್ರಾಯಬಲ್‌ಗೆ ಒಂದೇ ಅಳತೆ, ಒಂದೇ ಸ್ಥಿತಿ, ಒಬ್ಬನೇ ಯಜಮಾನ. ಹಂಚಿದರೆ ಮೊದಲ ಬಟನ್ ಒತ್ತಿದಾಗ ಅಲೆ ಕೊನೆಯ ಬಟನ್‌ನಲ್ಲಿ ಏಳುವಂಥ ಭೂತಚೇಷ್ಟೆ ನೋಡುತ್ತೀರಿ. ರಿಸೋರ್ಸ್‌ನಿಂದ ತಂದ ಡ್ರಾಯಬಲ್‌ಗೆ ಬಣ್ಣ ಹಚ್ಚುವುದಿದ್ದರೆ ಮೊದಲು ಮ್ಯೂಟೇಟ್ ಕರೆಯಿರಿ. ಇಲ್ಲದಿದ್ದರೆ ಒಳಗಿನ ಮಾಹಿತಿ ಎಲ್ಲರ ನಡುವೆ ಹಂಚಿಕೆ ಆಗಿರುತ್ತದೆ, ಒಂದಕ್ಕೆ ಹಚ್ಚಿದ ಬಣ್ಣ ಬೇರೆ ಪರದೆಯ ಬಟನ್‌ಗೂ ಅಂಟುತ್ತದೆ.

ಪಟ್ಟಿಯಲ್ಲಿ ಈ ಡ್ರಾಯಬಲ್ ಅನ್ನು ಆನ್ ಕ್ರಿಯೇಟ್ ವ್ಯೂ ಹೋಲ್ಡರ್‌ನಲ್ಲಿ ಕಟ್ಟಿ. ಬೈಂಡ್ ಆಗುವಾಗ, ಅಂದರೆ ಸಾಲಿಗೆ ಮಾಹಿತಿ ತುಂಬುವಾಗ, ಬರೀ ಬಣ್ಣ ಬದಲಿಸಿ. ರಿಪಲ್‌ಗೂ ಗ್ರೇಡಿಯಂಟ್‌ಗೂ ಸೆಟ್ ಕಲರ್ ಇದೆ.

ಹಿನ್ನೆಲೆ ಬದಲಿಸಿದ ಮೇಲೆ ಬಟನ್ ಇದ್ದಕ್ಕಿದ್ದಂತೆ ದಪ್ಪ ಕಂಡರೆ ಗಾಬರಿಯಾಗಬೇಡಿ. ಮಾಮೂಲಿ ಬಟನ್‌ನ ಹಿನ್ನೆಲೆಯೊಳಗೆ ಎಡಬಲ 4 ಡಿಪಿ, ಮೇಲೆ ಕೆಳಗೆ 6 ಡಿಪಿ ಖಾಲಿ ಜಾಗ ಅಡಗಿರುತ್ತದೆ. ನೀವು ಹಿನ್ನೆಲೆ ಕಿತ್ತಾಗ ಅದೂ ಹೋಯಿತು. ಬೇಕಿದ್ದರೆ ಇನ್‌ಸೆಟ್ ಡ್ರಾಯಬಲ್‌ನಲ್ಲಿ ಸುತ್ತಿ, ಪ್ಯಾಡಿಂಗ್ ಅನ್ನು ಕೊನೆಯಲ್ಲಿ ಮತ್ತೆ ಕೊಡಿ. ಕಾಣುವ ಗಾತ್ರ ಎಷ್ಟೇ ಇರಲಿ, ಮುಟ್ಟುವ ಜಾಗ 48 ಡಿಪಿಗಿಂತ ಕಡಿಮೆ ಆಗದಿರಲಿ. ಅದು ಸುಮಾರು 9 ಮಿಲಿಮೀಟರ್. ಕಬ್ಬು ಕಡಿದು ಬಂದ ಕೈಗೆ ಅದೂ ಚಿಕ್ಕದೇ.

ಇಷ್ಟು ಹೇಳಿದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಿಮ್ಮ ಥೀಮ್ ಮೆಟೀರಿಯಲ್ ಕಾಂಪೊನೆಂಟ್ಸ್‌ನದ್ದಾಗಿದ್ದರೆ ಲೇಔಟ್‌ನಲ್ಲಿ ಬಟನ್ ಅಂತ ಬರೆದದ್ದು ತಾನಾಗಿಯೇ ಮೆಟೀರಿಯಲ್ ಬಟನ್ ಆಗುತ್ತದೆ. ಅದಕ್ಕೆ ಬ್ಯಾಕ್‌ಗ್ರೌಂಡ್ ಟಿಂಟ್ ಲಿಸ್ಟ್, ರಿಪಲ್ ಕಲರ್, ಕಾರ್ನರ್ ರೇಡಿಯಸ್, ಸ್ಟ್ರೋಕ್ ಕಲರ್ ಎಲ್ಲವನ್ನೂ ಕೋಡ್‌ನಿಂದಲೇ ಹೇಳಬಹುದು. ಮಾಸ್ಕ್, ಇನ್‌ಸೆಟ್ ಎಲ್ಲ ಅದೇ ನೋಡಿಕೊಳ್ಳುತ್ತದೆ. ನಾಲ್ಕು ಸಾಲಿನ ಕೆಲಸ. ಅದರ ಮೇಲೆ ನಿಮ್ಮ ಸ್ವಂತ ಹಿನ್ನೆಲೆ ಹೇರಿದರೆ ಮಾತ್ರ ಅದು ಕೈ ಚೆಲ್ಲುತ್ತದೆ. ಹಾಗಿದ್ದರೆ ಇಷ್ಟೊತ್ತು ಹೇಳಿದ್ದು ಯಾಕೆ ಅಂತೀರಾ? ಪಟ್ಟಿಯ ಸಾಲು, ಕಾರ್ಡ್, ನೀವೇ ಕಟ್ಟಿದ ತೂಕದ ಕೀಲಿಮಣೆ, ಇವ್ಯಾವುವೂ ಮೆಟೀರಿಯಲ್ ಬಟನ್ ಅಲ್ಲ. ಬಣ್ಣದ ಲೆಕ್ಕವಂತೂ ಎರಡಕ್ಕೂ ಒಂದೇ.

ಒತ್ತಿದಾಗ ಬಟನ್ ಸ್ವಲ್ಪ ಕುಗ್ಗುವಂತೆ ಮಾಡುವುದು ಈಗ ಫ್ಯಾಷನ್. ಅದನ್ನೂ ಟಚ್ ಲಿಸನರ್‌ನಲ್ಲಿ ಬರೆಯಬೇಡಿ. ಸ್ಟೇಟ್ ಲಿಸ್ಟ್ ಆನಿಮೇಟರ್ ಇದೆ: ಒತ್ತಿದ ಸ್ಥಿತಿಗೆ ಸ್ಕೇಲ್ ಎಕ್ಸ್, ಸ್ಕೇಲ್ ವೈ ಎರಡೂ 0.97, ಮಾಮೂಲಿಗೆ 1. ಇದನ್ನು ಹಾಕಿದರೆ ಬಟನ್‌ಗೆ ಮೊದಲೇ ಇದ್ದ, ಒತ್ತಿದಾಗ ನೆರಳು ಏರಿಸುವ ಆನಿಮೇಟರ್ ಹೋಗುತ್ತದೆ ಅನ್ನುವುದು ನೆನಪಿರಲಿ. ನನ್ನನ್ನು ಕೇಳಿದರೆ ಲೆಕ್ಕದ ಆ್ಯಪ್‌ಗೆ ಇದು ಬೇಡ. ಉಳಿಸುವ ಕೆಲಸವೇ ಪರದೆ ನೋಡಿಕೊಳ್ಳುವ ಮುಖ್ಯ ಥ್ರೆಡ್ ಮೇಲೆ ಕೂತು ಪರದೆಯನ್ನು ಅರ್ಧ ಸೆಕೆಂಡ್ ಹಿಡಿದಿಟ್ಟಿರುವಾಗ ಬಟನ್ ಕುಣಿಸುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ. ಡೇಟಾಬೇಸ್ ಬರಹವನ್ನು ಮೊದಲು ಬೇರೆ ಥ್ರೆಡ್‌ಗೆ ಕಳಿಸಿ.

ಕಂಪನ ಮಾತ್ರ ಹಾಕಿ. ಕ್ಲಿಕ್ ಆದಾಗ ಪರ್‌ಫಾರ್ಮ್ ಹ್ಯಾಪ್ಟಿಕ್ ಫೀಡ್‌ಬ್ಯಾಕ್ ಕರೆದು ವರ್ಚುವಲ್ ಕೀ ಅನ್ನುವ ಸ್ಥಿರಾಂಕ ಕೊಡಿ. ವೈಬ್ರೇಟ್ ಅನುಮತಿ ಬೇಕಿಲ್ಲ. ಬಳಸುವವರು ಫೋನ್‌ನಲ್ಲಿ ಸ್ಪರ್ಶ ಕಂಪನ ಆಫ್ ಮಾಡಿದ್ದರೆ ಅದನ್ನೂ ಗೌರವಿಸುತ್ತದೆ. ಬಿಸಿಲಿಗೆ ಕಣ್ಣು ಸೋತ ಕಡೆ ಬೆರಳು ತಿಳಿದುಕೊಳ್ಳುತ್ತದೆ.

ಮುಂದೆ ಕಂಪೋಸ್‌ಗೆ, ಅಂದರೆ ಪರದೆ ಕಟ್ಟುವ ಆಂಡ್ರಾಯ್ಡ್‌ನ ಹೊಸ ಪದ್ಧತಿಗೆ, ಹೋದರೆ ಹೆಸರು ಬದಲಾಗುತ್ತದೆ, ತತ್ವ ಅದೇ. ಇಂಟರ್‌ಆ್ಯಕ್ಷನ್ ಸೋರ್ಸ್‌ನಿಂದ ಒತ್ತಿದೆಯೋ ಇಲ್ಲವೋ ಓದಿ, ಕ್ಲಿಕಬಲ್‌ಗೆ ಇಂಡಿಕೇಶನ್ ಆಗಿ ರಿಪಲ್ ಕೊಡಿ. ಅಲ್ಲೂ ಚೆಲ್ಲುವ ರೋಗ ಇದೆ. ಕ್ಲಿಪ್ ಅನ್ನುವುದು ಕ್ಲಿಕಬಲ್‌ಗಿಂತ ಮೊದಲು ಬರಬೇಕು, ಆಮೇಲೆ ಬಂದರೆ ಅಲೆ ಚೌಕ. ಐಫೋನ್ ಆವೃತ್ತಿ ಕೇಳಿದರೆ, ಐಒಎಸ್ 15ರಿಂದ ಯುಐ ಬಟನ್‌ಗೆ ಕಾನ್ಫಿಗರೇಶನ್ ಅಪ್‌ಡೇಟ್ ಹ್ಯಾಂಡ್ಲರ್ ಇದೆ. ಅಲ್ಲಿ ಬಟನ್ ಹೈಲೈಟ್ ಆಗಿದೆಯೇ ಅಂತ ನೋಡಿ ಬಣ್ಣ ಬದಲಿಸಿದರೆ ಸಾಕು.

ಪರೀಕ್ಷೆ ಹೀಗೆ ಮಾಡಿ. ಬಟನ್ ಮೇಲೆ ಬೆರಳಿಟ್ಟು ಪಟ್ಟಿಯನ್ನು ಎಳೆಯಿರಿ. ಬೆರಳಿಟ್ಟು ಬಟನ್‌ನಿಂದ ಹೊರಗೆ ಜಾರಿಸಿ ಬಿಡಿ, ಕ್ಲಿಕ್ ಆಗಬಾರದು. ಟಾಕ್‌ಬ್ಯಾಕ್ ಆನ್ ಮಾಡಿ ಒತ್ತಿ. ಮಂಡಿಯ ಬಣ್ಣಕ್ಕೆ ಕಪ್ಪು, ಬಿಳಿ, ಅರಿಶಿನ, ಕುಂಕುಮ, ಗಿಳಿ ಹಸಿರು ಐದನ್ನೂ ಕೊಟ್ಟು ನೋಡಿ. ಆಮೇಲೆ ಫೋನ್ ತೆಗೆದುಕೊಂಡು ಎಪಿಎಂಸಿ ಯಾರ್ಡ್‌ಗೆ ಹೋಗಿ, ಮಧ್ಯಾಹ್ನ ಹನ್ನೆರಡು ಗಂಟೆಗೆ, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ, ಅಲ್ಲಿ ತೂಕ ಬರೆಯುವವರ ಕೈಗೇ ಕೊಡಿ. ಅವರು ಒಂದೇ ಸಲ ಒತ್ತಿ ಬೆರಳು ಎತ್ತಿದರೆ ನಿಮ್ಮ ಶೇ 25 ಸಾಕು. ಎರಡನೇ ಸಲ ಒತ್ತಿದರೆ 30ಕ್ಕೆ ಏರಿಸಿ.